ದನ, ನಾಯಿ, ಬೆಕ್ಕಿಗೆ ಜ್ವರ: ಮದ್ದು ಕೊಡುವ ಮೊದಲು ಮತ್ತು ಕೊಟ್ಟ ಮೇಲೆ ಏನು ಮಾಡಬೇಕು

ಜ್ವರದ ಮದ್ದು ಮೈಯನ್ನು ನೇರವಾಗಿ ತಣ್ಣಗೆ ಮಾಡುವುದಿಲ್ಲ. ಇದೊಂದು ಮಾತು ಸರಿಯಾಗಿ ತಲೆಗೆ ಹೋದರೆ ಕೊಟ್ಟಿಗೆಯಲ್ಲಿ ನಡೆಯುವ ಎಷ್ಟೋ ತಪ್ಪು ನಿಲ್ಲುತ್ತವೆ. ಮದ್ದು ಕೆಲಸ ಮಾಡುವುದು ಮಿದುಳಿನಲ್ಲಿ. ಕಾಯಿಲೆ ಬಂದಾಗ ಮಿದುಳು "ಮೈ ಇನ್ನೂ ಸ್ವಲ್ಪ ಬಿಸಿ ಇರಲಿ" ಅಂತ ತೀರ್ಮಾನ ಮಾಡಿರುತ್ತದೆ, ಮದ್ದು ಆ ತೀರ್ಮಾನವನ್ನು ವಾಪಸ್ ತೆಗೆಸುತ್ತದೆ. ಆಮೇಲೆ ಬಿಸಿ ಹೊರಗೆ ಹಾಕುವ ಕೆಲಸ ಪ್ರಾಣಿಯದ್ದೇ. ಅದಕ್ಕೆ ನೆರಳು, ನೀರು, ಗಾಳಿ ಸಿಗದಿದ್ದರೆ ಮದ್ದು ಕೊಟ್ಟೂ ಅರ್ಧ ಪ್ರಯೋಜನ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದನ್ನು ತಿಳಿದುಕೊಳ್ಳುವುದು ಜಾಸ್ತಿ ಮುಖ್ಯ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಮಳೆಗಾಲದ ಥಂಡಿ ಮತ್ತು ಉಣ್ಣಿ ಕಾಟ. ದೇವಿಮನೆ ಘಟ್ಟ ಇಳಿದು ಕುಮಟಾ ಸೇರಿದರೆ ಸೆಖೆ ಬೇರೆಯೇ. ಅಲ್ಲಿಂದ ಅಂಕೋಲಾ, ಕಾರವಾರದವರೆಗೂ ಏಪ್ರಿಲ್-ಮೇ ತಿಂಗಳಲ್ಲಿ ಬೆವರು ಆರುವುದೇ ಇಲ್ಲ. ಅದೇ 105 ಡಿಗ್ರಿ ಮೈಬಿಸಿ ಘಟ್ಟದ ಮೇಲೆ ಒಂದು ಕಾರಣಕ್ಕೆ ಬಂದಿರಬಹುದು, ಘಟ್ಟದ ಕೆಳಗೆ ಇನ್ನೊಂದು ಕಾರಣಕ್ಕೆ. ಒಂದಕ್ಕೆ ಮದ್ದು ತಾಗುತ್ತದೆ, ಇನ್ನೊಂದಕ್ಕೆ ತಾಗುವುದೇ ಇಲ್ಲ.

ಹೆಜ್ಜೆ 1: ಥರ್ಮಾಮೀಟರ್ ಇಟ್ಟುಕೊಳ್ಳಿ

ಮೆಡಿಕಲ್ ಶಾಪಿನಲ್ಲಿ ಸಿಗುವ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ಮನೆಯವರ ಥರ್ಮಾಮೀಟರ್ ಜೊತೆ ಸೇರಿಸಬೇಡಿ, ಬೇರೆ ಡಬ್ಬಿಯಲ್ಲಿಡಿ. ಹಿಂದಿನ ತುದಿಗೆ ಗಟ್ಟಿ ದಾರ ಕಟ್ಟಿ, ದಾರದ ಇನ್ನೊಂದು ಕೊನೆಗೆ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ. ದನಕ್ಕೆ ಅಳೆಯುವಾಗ ಕ್ಲಿಪ್ಪನ್ನು ಬಾಲದ ಕೂದಲಿಗೆ ಸಿಕ್ಕಿಸಿದರೆ ಥರ್ಮಾಮೀಟರ್ ಒಳಗೆ ಜಾರಿ ಹೋಗುವುದಿಲ್ಲ, ಸಗಣಿ ಹಾಕಿದಾಗ ಕೆಳಗೆ ಬಿದ್ದು ಒಡೆಯುವುದೂ ಇಲ್ಲ. ಜೊತೆಗೆ ತೆಂಗಿನೆಣ್ಣೆ, ಒಂದು ಅಳತೆ ಟೇಪು, ಒಂದು ಹಳೇ ನೋಟ್‌ಬುಕ್.

ಹೆಜ್ಜೆ 2: ಸರಿಯಾಗಿ ಅಳೆಯಿರಿ

ಪ್ರಾಣಿ ಶಾಂತವಾಗಿರಬೇಕು. ಬೆಟ್ಟದಿಂದ ಈಗಷ್ಟೇ ಓಡಿಸಿಕೊಂಡು ಬಂದ ದನ, ಪಟಾಕಿಗೆ ಹೆದರಿದ ನಾಯಿ, ಬುಟ್ಟಿಯಲ್ಲಿ ಹಾಕಿ ಬಸ್ಸಿನಲ್ಲಿ ತಂದ ಬೆಕ್ಕು, ಇವುಗಳ ಮೈ ಕಾಯಿಲೆ ಇಲ್ಲದೆಯೂ ಬಿಸಿಯಾಗಿರುತ್ತದೆ. ಅರ್ಧ ಗಂಟೆ ನೆರಳಿನಲ್ಲಿ ಬಿಟ್ಟು ಆಮೇಲೆ ಅಳೆಯಿರಿ.

ತುದಿಗೆ ಎಣ್ಣೆ ಸವರಿ. ದನದ ಹಿಂದೆ ನೇರ ನಿಲ್ಲದೆ ಪಕ್ಕಕ್ಕೆ ನಿಂತು, ಬಾಲ ಎತ್ತಿ, ಗುದದ್ವಾರದೊಳಗೆ ಸುಮಾರು ಎರಡು ಇಂಚು ತೂರಿಸಿ, ಸ್ವಲ್ಪ ಓರೆ ಮಾಡಿ. ತುದಿ ಒಳಗಿನ ಗೋಡೆಗೆ ತಾಗಬೇಕು. ಸಗಣಿಯ ಮಧ್ಯೆ ನಿಂತರೆ ಅಳತೆ ಕಡಿಮೆ ಬರುತ್ತದೆ, ಗಾಳಿ ತುಂಬಿದ್ದರೂ ಹಾಗೆಯೇ. ಬೀಪ್ ಬಂದ ಮೇಲೂ ಅನುಮಾನ ಇದ್ದರೆ ಇನ್ನೊಮ್ಮೆ ಅಳೆಯಿರಿ. ನಾಯಿಗೆ ಒಂದು ಇಂಚು, ಬೆಕ್ಕಿಗೆ ಅದಕ್ಕಿಂತ ಕಡಿಮೆ ಸಾಕು. ಆದ ಮೇಲೆ ಸೋಪು ನೀರಲ್ಲಿ ತೊಳೆದು ಒರೆಸಿಡಿ.

ಮೂತಿ ಮುಟ್ಟಿ ನೋಡುವುದು, ಕೊಂಬಿನ ಬುಡ ಹಿಡಿದು ನೋಡುವುದು ನಮ್ಮಲ್ಲಿ ರೂಢಿ. ಅದರಿಂದ "ಏನೋ ಸರಿಯಿಲ್ಲ" ಅಂತ ಗೊತ್ತಾಗಬಹುದು, ಆದರೆ ಎಷ್ಟು ಅಂತ ಗೊತ್ತಾಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಪಕ್ಕದ ಮನೆಯ ಅತ್ತಿಗೆ ಕೇಳಿದ್ದುಂಟು: "ತಮ್ಮಾ, ಆಕಳ ಕಿವಿ ತಣ್ಣಗಿದೆ, ಹಾಗಾದ್ರೆ ಜ್ವರ ಇಲ್ಲ ಅಲ್ವಾ?" ಇಲ್ಲ ಅತ್ತಿಗೆ, ಕಿವಿ ತಣ್ಣಗಿದ್ದು ಮೈ ನಡುಗುತ್ತಿದ್ದರೆ ಜ್ವರ ಏರುತ್ತಿದೆ ಅಂತಲೇ ಅರ್ಥ ಇರಬಹುದು. ಯಾಕೆ ಅಂತ ನಾಲ್ಕನೇ ಹೆಜ್ಜೆಯಲ್ಲಿ ಹೇಳುತ್ತೇನೆ.

ಮಾಮೂಲಿ ಎಷ್ಟಿರಬೇಕು? ಎಲ್ಲ ಫ್ಯಾರನ್‌ಹೀಟ್ ಲೆಕ್ಕ. ಆಕಳಿಗೆ 101ರಿಂದ 102.5, ಕರುವಿಗೆ 103ರವರೆಗೂ ಸರಿ. ಎಮ್ಮೆಗೆ ಸ್ವಲ್ಪ ಕಡಿಮೆ, 100ರಿಂದ 101.5. ಆಡಿಗೆ 101.5ರಿಂದ 103.5. ನಾಯಿ, ಬೆಕ್ಕಿಗೆ 100.5ರಿಂದ 102.5. ಕೋಳಿಗೆ 105ರಿಂದ 107, ಅದು ಅದರ ಸಹಜ ಬಿಸಿ. ನಮ್ಮ 98.6 ಮನಸ್ಸಿನಲ್ಲಿಟ್ಟುಕೊಂಡು ನಾಯಿ ಮುಟ್ಟಿದರೆ ಯಾವಾಗಲೂ ಜ್ವರ ಬಂದ ಹಾಗೇ ಅನಿಸುತ್ತದೆ. ದನಕ್ಕೆ ಬೆಳಿಗ್ಗೆಗಿಂತ ಸಂಜೆ ಅರ್ಧದಿಂದ ಒಂದು ಡಿಗ್ರಿ ಜಾಸ್ತಿ ಇರುವುದು ಸಹಜ. ಆರೋಗ್ಯವಾಗಿರುವಾಗಲೇ ನಿಮ್ಮ ದನದ ಬೆಳಗಿನ ಮತ್ತು ಸಂಜೆಯ ಅಳತೆ ಬರೆದಿಟ್ಟುಕೊಂಡರೆ, ಮುಂದೆ ಹೋಲಿಸಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಹೆಜ್ಜೆ 3: ಜ್ವರವೋ, ಸೆಖೆಯೋ ಗುರುತಿಸಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಾದರೆ ಇದನ್ನು ಓದಿ.

ಜ್ವರ ಏರುತ್ತಿರುವ ಆಕಳನ್ನು ಹತ್ತಿರ ಹೋಗಿ ನೋಡಿ. ಬೆನ್ನಿನ ರೋಮ ನಿಮಿರಿ ನಿಂತಿರುತ್ತದೆ. ತೊಡೆಯ ಮಾಂಸ ಸಣ್ಣಗೆ ಅದುರುತ್ತದೆ. ಕಿವಿ, ಕಾಲಿನ ತುದಿ ತಣ್ಣಗೆ. ಬೆನ್ನು ಸ್ವಲ್ಪ ಗೂನು ಮಾಡಿ, ಗಾಳಿ ಬಾರದ ಮೂಲೆ ಹುಡುಕಿಕೊಂಡು ನಿಲ್ಲುತ್ತದೆ. ಮೆಲುಕು ನಿಂತಿರುತ್ತದೆ. ಥರ್ಮಾಮೀಟರ್ ಇಟ್ಟರೆ 104, 105. ಅಂದರೆ ಒಳಗೆ ಬೆಂಕಿ, ಆದರೂ ಅದಕ್ಕೆ ಚಳಿ.

ಸೆಖೆಯ ಹೊಡೆತ ಬಿದ್ದ ಆಕಳು ಇದರ ಉಲ್ಟಾ. ಕಿವಿ ಬಿಸಿ, ರೋಮ ಮೈಗೆ ಅಂಟಿರುತ್ತದೆ, ಬಾಯಿ ತೆರೆದು ನಾಲಿಗೆ ಹೊರಗೆ ಹಾಕಿ ಏದುಸಿರು, ಜೊಲ್ಲು ಸುರಿಯುತ್ತದೆ. ನೆರಳು, ನೀರು, ಗಾಳಿ ಹುಡುಕುತ್ತದೆ. ಅಳತೆ ಆಗಲೂ 105 ಇರಬಹುದು. ಸಂಖ್ಯೆ ಒಂದೇ, ಒಳಗಿನ ಕಥೆ ಬೇರೆ.

ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಗೆ ಕರಾವಳಿಯ ಸೆಖೆ ತಡೆಯುವುದೇ ಕಷ್ಟ. ಹವೆ 25 ಡಿಗ್ರಿ ಸೆಲ್ಸಿಯಸ್ ದಾಟಿ ತೇವವೂ ಜಾಸ್ತಿ ಇದ್ದರೆ ಅವು ಮೇವು ಕಡಿಮೆ ಮಾಡಲು ಶುರು ಮಾಡುತ್ತವೆ. ಎಮ್ಮೆಗೆ ಬೆವರಿನ ಗ್ರಂಥಿ ಕಡಿಮೆ, ಕಪ್ಪು ಚರ್ಮ ಬೇರೆ, ಹಾಗಾಗಿ ಕೆರೆಯೋ ಹೊಳೆಯೋ ಅದಕ್ಕೆ ಬೇಕೇ ಬೇಕು. ನಮ್ಮ ಮಲೆನಾಡು ಗಿಡ್ಡ ಈ ವಿಷಯದಲ್ಲಿ ಗಟ್ಟಿ. ಗಿಡ್ಡ ದನ ಮಧ್ಯಾಹ್ನ ನೆರಳಲ್ಲಿ ನಿಂತಿದ್ದೂ 105 ಇದ್ದರೆ ನಾನು ಮೊದಲು ಕಾಯಿಲೆಯನ್ನೇ ಅನುಮಾನಿಸುತ್ತೇನೆ.

ಅನುಮಾನ ಇದ್ದರೆ ಸುಲಭ ಪರೀಕ್ಷೆ ಒಂದಿದೆ. ನೆರಳು, ಫ್ಯಾನ್, ಕುಡಿಯಲು ನೀರು ಕೊಟ್ಟು ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಸೆಖೆಯಾಗಿದ್ದರೆ ಇಳಿಯುತ್ತ ಬರುತ್ತದೆ. ಜ್ವರವಾಗಿದ್ದರೆ ಅಲ್ಲೇ ನಿಂತಿರುತ್ತದೆ ಅಥವಾ ಏರಿರುತ್ತದೆ. ಏದುಸಿರು ಜೋರಾಗಿದ್ದು, ದನ ತೂರಾಡುತ್ತಿದ್ದರೆ ಕಾಯುವ ಮಾತಿಲ್ಲ, ನೇರ ಹೆಜ್ಜೆ 8ಕ್ಕೆ ಹೋಗಿ.

ಇನ್ನೊಂದು ಗುಂಪೂ ಇದೆ. ಕರು ಹಾಕಿದ ಎರಡು-ಮೂರು ದಿನದೊಳಗೆ ಆಕಳು ನೆಲ ಹಿಡಿದು, ಕತ್ತು ಹೊಟ್ಟೆಯ ಕಡೆ ತಿರುಗಿಸಿ ಮಲಗಿ, ಕಿವಿ ತಣ್ಣಗಿದ್ದು, ಅಳತೆ 100ಕ್ಕಿಂತ ಕೆಳಗಿದ್ದರೆ ಅದು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದ ಲಕ್ಷಣ. ಜನ ಇದನ್ನು ಹಾಲು ಜ್ವರ ಅನ್ನುತ್ತಾರೆ. ಇದಕ್ಕೆ ಜ್ವರದ ಮದ್ದು ಕೊಡುತ್ತ ಕೂತರೆ ಆಕಳು ಕೈಬಿಟ್ಟು ಹೋಗುತ್ತದೆ. ರಕ್ತನಾಳಕ್ಕೆ ಕ್ಯಾಲ್ಸಿಯಂ ಹಾಕಲು ಡಾಕ್ಟರ್ ಬರಬೇಕು, ಅದೂ ಬೇಗ.

ಹೆಜ್ಜೆ 4: ಮದ್ದು ಒಳಗೆ ಏನು ಮಾಡುತ್ತದೆ ಅಂತ ತಿಳಿಯಿರಿ

ಬಚ್ಚಲಿನ ಗೀಸರಿಗೆ ಎಷ್ಟು ಬಿಸಿ ಬೇಕು ಅಂತ ಗುಂಡಿ ತಿರುಗಿಸಿ ಇಡುತ್ತೇವಲ್ಲ, ಹಾಗೇ ಮಿದುಳಿನ ಬುಡದಲ್ಲಿರುವ ಹೈಪೋಥಾಲಮಸ್ ಮೈಯ ಬಿಸಿಗೆ ಒಂದು ಗುರಿ ಇಟ್ಟಿರುತ್ತದೆ. ಆಕಳಲ್ಲಿ ಅದು 101.5ರ ಹತ್ತಿರ. ರೋಗಾಣು ಒಳಗೆ ಹೊಕ್ಕಾಗ ರಕ್ತದ ಬಿಳಿಕಣಗಳು ಇಂಟರ್‌ಲ್ಯೂಕಿನ್ ಮೊದಲಾದ ಸಂದೇಶದ ವಸ್ತುಗಳನ್ನು ಬಿಡುತ್ತವೆ. ಅವು ಮಿದುಳಿನ ಬಾಗಿಲಿಗೆ ತಲುಪಿದಾಗ ಅಲ್ಲಿ ಪ್ರೊಸ್ಟಾಗ್ಲಾಂಡಿನ್ ಇ2 ಅನ್ನುವ ವಸ್ತು ತಯಾರಾಗುತ್ತದೆ. ಗುರಿಯನ್ನು ಮೇಲೆ ಏರಿಸುವುದು ಇದೇ.

ಗುರಿ 105ಕ್ಕೆ ಏರಿತು, ಮೈ ಇನ್ನೂ 101.5ರಲ್ಲೇ ಇದೆ ಅಂದುಕೊಳ್ಳಿ. ಮಿದುಳಿಗೆ ಅದು ಥಂಡಿ ಅಂತಲೇ ಕಾಣುತ್ತದೆ. ಆಗ ಚರ್ಮದ ರಕ್ತನಾಳ ಕಿರಿದಾಗುತ್ತವೆ, ಅದಕ್ಕೇ ಕಿವಿ ತಣ್ಣಗೆ. ಸ್ನಾಯು ನಡುಗಿ ಬಿಸಿ ಹುಟ್ಟಿಸುತ್ತವೆ. ರೋಮ ಎದ್ದು ಬಿಸಿ ಹಿಡಿದಿಡುತ್ತದೆ. ಮೈ 105 ಮುಟ್ಟುವವರೆಗೂ ಈ ಕೆಲಸ ನಿಲ್ಲುವುದಿಲ್ಲ.

ಪ್ರೊಸ್ಟಾಗ್ಲಾಂಡಿನ್ ತಯಾರಾಗಲು ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವ ಬೇಕು. ಆಸ್ಪಿರಿನ್, ಮೆಲಾಕ್ಸಿಕಾಮ್, ಫ್ಲೂನಿಕ್ಸಿನ್ ಥರದ ಮದ್ದುಗಳು ಈ ಕಿಣ್ವವನ್ನೇ ತಡೆಯುತ್ತವೆ. ಆಸ್ಪಿರಿನ್ ಹೀಗೆ ಪ್ರೊಸ್ಟಾಗ್ಲಾಂಡಿನ್ ತಯಾರಿ ನಿಲ್ಲಿಸುತ್ತದೆ ಅಂತ ಜಾನ್ ವೇನ್ ತೋರಿಸಿದ್ದು 1971ರಲ್ಲಿ. 1982ರಲ್ಲಿ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಪ್ಯಾರಾಸಿಟಮಾಲ್ ಮುಖ್ಯವಾಗಿ ಮಿದುಳಿನ ಕಡೆ ಕೆಲಸ ಮಾಡುತ್ತದೆ, ಬಾವು ಇಳಿಸುವ ಶಕ್ತಿ ಅದಕ್ಕೆ ಕಡಿಮೆ.

ಗುರಿ ಕೆಳಗಿಳಿದ ಕೂಡಲೇ ಎಲ್ಲ ತಿರುಗಿ ಬೀಳುತ್ತದೆ. ಮೈ 105, ಗುರಿ 101.5. ಈಗ ಮಿದುಳಿಗೆ ಸೆಖೆ. ಚರ್ಮದ ರಕ್ತನಾಳ ಅರಳುತ್ತವೆ, ಕಿವಿ ಬೆಚ್ಚಗಾಗುತ್ತದೆ, ನಡುಕ ನಿಲ್ಲುತ್ತದೆ, ಉಸಿರು ಜೋರಾಗುತ್ತದೆ, ಬೆವರು ಬರುತ್ತದೆ.

ಸೆಖೆಯ ಹೊಡೆತದಲ್ಲಿ ಗುರಿ ಏರಿರುವುದೇ ಇಲ್ಲ. ಅದು 101.5ರಲ್ಲೇ ಇದೆ, ಮೈ ಮಾತ್ರ ಹೊರಗಿನ ಬಿಸಿ ತಡೆಯಲಾರದೆ ಏರಿದೆ. ಇಳಿಸಲು ಏನೂ ಇಲ್ಲದ ಕಡೆ ಮದ್ದು ಏನು ಇಳಿಸಬೇಕು? ಅದೇ ಕಾರಣಕ್ಕೆ ಆರೋಗ್ಯವಾಗಿರುವ ಪ್ರಾಣಿಗೆ ಸಾಮಾನ್ಯ ಡೋಸ್ ಕೊಟ್ಟರೆ ಮೈಬಿಸಿ ಮಾಮೂಲಿಗಿಂತ ಕೆಳಗೆ ಹೋಗುವುದಿಲ್ಲ. ಪ್ರಯೋಗಾಲಯದ ಸಣ್ಣ ಇಲಿಗಳಿಗೆ ಪ್ಯಾರಾಸಿಟಮಾಲ್ ಜಾಸ್ತಿ ಕೊಟ್ಟಾಗ ಜ್ವರ ಇಲ್ಲದಿದ್ದರೂ ಮೈ ತಣ್ಣಗಾಗುತ್ತದೆ, ಆದರೆ ಅದು ದೊಡ್ಡ ಡೋಸಿನ ಮಾತು.

ಹೆಜ್ಜೆ 5: ಇಳಿಸಲೇಬೇಕಾ ಅಂತ ಯೋಚಿಸಿ

ಜ್ವರ ಶತ್ರು ಅಲ್ಲ. ಇದನ್ನು ಚೆನ್ನಾಗಿ ತೋರಿಸಿದ್ದು ಒಂದು ಹಲ್ಲಿ ಜಾತಿ. ಅಮೆರಿಕದ ಮರುಭೂಮಿಯ ಇಗುವಾನಾಗಳಿಗೆ ಒಳಗೆ ಬಿಸಿ ಹುಟ್ಟಿಸಿಕೊಳ್ಳಲು ಬರುವುದಿಲ್ಲ, ಬಿಸಿ ಬೇಕಾದರೆ ಬಿಸಿ ಜಾಗಕ್ಕೆ ಹೋಗಿ ಕೂರಬೇಕು. ಸೋಂಕು ತಗುಲಿದಾಗ ಅವು ನಿಜಕ್ಕೂ ಹಾಗೇ ಹೋಗಿ ಕೂರುತ್ತವೆ. 1970ರ ದಶಕದಲ್ಲಿ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಸೋಂಕು ತಗುಲಿಸಿದ 12 ಇಗುವಾನಾಗಳಿಗೆ ಆಸ್ಪಿರಿನ್‌ನ ಹತ್ತಿರದ ಸಂಬಂಧಿ ಸೋಡಿಯಂ ಸ್ಯಾಲಿಸಿಲೇಟ್ ಕೊಟ್ಟರು. ಮದ್ದಿನ ನಡುವೆಯೂ ಮೈ ಬಿಸಿ ಮಾಡಿಕೊಂಡ 5 ಬದುಕಿದವು. ಬಿಸಿ ಮಾಡಿಕೊಳ್ಳದ 7 ಸತ್ತವು. ಹಲ್ಲಿಯ ಲೆಕ್ಕವನ್ನು ಹಾಗೇ ತಂದು ಆಕಳಿಗೆ ಅಂಟಿಸಲು ಬರುವುದಿಲ್ಲ, ಆದರೂ ಜ್ವರ ಸುಮ್ನೆ ಬರುವುದಿಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಹಾಗಂತ ಜ್ವರ ಬಿಟ್ಟಿಯಾಗಿ ಬರುವುದೂ ಅಲ್ಲ. ಮೈಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಮೈ ಸುಡುವ ಶಕ್ತಿ ಸುಮಾರು 10 ಶೇಕಡ ಜಾಸ್ತಿ. ಮೇವು ಬಿಟ್ಟ ಆಕಳಿಗೆ ಇದು ಭಾರ. ಗಬ್ಬದ ಆಕಳಲ್ಲಿ ಜೋರು ಜ್ವರದಿಂದ ಗರ್ಭ ಹೋಗಬಹುದು.

ನಾನು ಪಾಲಿಸುವ ಲೆಕ್ಕ ಹೀಗಿದೆ. 103-104 ಇದ್ದು, ನೀರು ಕುಡಿಯುತ್ತಿದ್ದು, ಮೆಲುಕು ಹಾಕುತ್ತಿದ್ದರೆ ಜ್ವರದ ಮದ್ದಿಗೆ ಅವಸರ ಬೇಡ. ಕಾರಣ ಹುಡುಕಿ. ಕೆಚ್ಚಲು ಮುಟ್ಟಿ ನೋಡಿ, ಒಂದು ಮೊಲೆಯ ಹಾಲಲ್ಲಿ ಗರಣೆ ಇದೆಯಾ? ಬಾಯಿ, ಗೊರಸಿನ ನಡುವೆ ಹುಣ್ಣಿದೆಯಾ? ಚರ್ಮದಲ್ಲಿ ಗಂಟು ಎದ್ದಿದೆಯಾ? ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ ಉಣ್ಣಿ ಇವೆಯಾ, ಮೂತ್ರ ಕೆಂಪಗಿದೆಯಾ? ಉಣ್ಣಿಯನ್ನು ಬರಿಗೈಯಲ್ಲಿ ಹಿಸುಕಬೇಡಿ. ಮಂಗನ ಕಾಯಿಲೆ ಇರುವ ಸಿದ್ದಾಪುರದ ಕಡೆಯಂತೂ ಕೈಗವಸು ಹಾಕದೆ ಮುಟ್ಟಲೇಬೇಡಿ.

105 ದಾಟಿದರೆ, ಮೇವು ನೀರು ಬಿಟ್ಟರೆ, ಗಬ್ಬವಾಗಿದ್ದರೆ ಡಾಕ್ಟರಿಗೆ ಫೋನ್ ಮಾಡಿ. 106 ದಾಟಿದರೆ ರಾತ್ರಿಯಾದರೂ ಮಾಡಿ. ಮಳೆಗಾಲದಲ್ಲಿ ಗಂಟಲು ಊದಿ ಗೊರ ಗೊರ ಉಸಿರಾಡುತ್ತಿದ್ದರೆ ಅದು ಗಳಲೆ ರೋಗ ಇರಬಹುದು, ಅಲ್ಲಿ ಗಂಟೆಗಳ ಲೆಕ್ಕ. ಆಂಟಿಬಯೋಟಿಕ್ ಬೇಗ ಬೀಳಬೇಕು. ಜ್ವರದ ಮದ್ದೊಂದನ್ನೇ ಕೊಟ್ಟು "ನಾಳೆ ನೋಡೋಣ" ಅಂದರೆ ನಾಳೆಗೆ ದನ ಇರುವುದಿಲ್ಲ.

ಮದ್ದು ನಿಜವಾಗಿ ದೊಡ್ಡ ಉಪಕಾರ ಮಾಡುವ ಕಾಯಿಲೆಯೂ ಇದೆ. ಮೂರು ದಿನದ ಜ್ವರ ನೋಡಿ. ಕೀಟ ಕಚ್ಚಿ ಹರಡುವ ವೈರಸ್ ಇದು. 105-106 ಏರುತ್ತದೆ, ಒಮ್ಮೆ ಈ ಕಾಲು ಒಮ್ಮೆ ಆ ಕಾಲು ಕುಂಟುತ್ತದೆ, ಆಮೇಲೆ ಮಲಗಿಬಿಡುತ್ತದೆ. ಇಲ್ಲಿ ಕಷ್ಟ ಕೊಡುವುದು ವೈರಸ್ಸಿಗಿಂತ ಜಾಸ್ತಿ ಮೈಯ ಉರಿಯೂತವೇ. ಹಾಗಾಗಿ ಉರಿಯೂತ ತಡೆಯುವ ಮದ್ದು ಬೇಗ ಬಿದ್ದರೆ ಜ್ವರ, ಕುಂಟು ಎರಡೂ ಚೆನ್ನಾಗಿ ತಗ್ಗುತ್ತವೆ. ರಕ್ತದಲ್ಲಿ ವೈರಸ್ ತನ್ನ ಪಾಡಿಗೆ ಇದ್ದು ಹೋಗುತ್ತದೆ. ಆದರೆ ಈ ಜ್ವರದಲ್ಲಿ ಗೊಟ್ಟದಲ್ಲಿ (ಬಾಯಿಗೆ ಹೊಯ್ಯುವ ಬಿದಿರ ಕೊಳವೆ) ಕಷಾಯ, ಗಂಜಿ ಹೊಯ್ಯಲೇಬೇಡಿ. ನುಂಗುವ ಸ್ನಾಯು ಸೋತಿರುತ್ತವೆ, ಹೊಯ್ದದ್ದು ಪುಪ್ಪುಸಕ್ಕೆ ಇಳಿಯುತ್ತದೆ. ಜ್ವರದಿಂದ ಉಳಿದ ದನ ಇದರಿಂದ ಸಾಯುತ್ತದೆ.

ಹೆಜ್ಜೆ 6: ಯಾರಿಗೆ ಯಾವುದು ಬೇಡ

ಬೆಕ್ಕಿಗೆ ಪ್ಯಾರಾಸಿಟಮಾಲ್ ಬೇಡ. ಕಾಲು ಮಾತ್ರೆಯೂ ಬೇಡ, ಮಕ್ಕಳ ಸಿರಪ್ಪೂ ಬೇಡ. ಈ ಮದ್ದನ್ನು ನಮ್ಮ ಯಕೃತ್ತು ಒಂದು ದಾರಿಯಲ್ಲಿ ಕಟ್ಟಿ ಹೊರಗೆ ಹಾಕುತ್ತದೆ, ಬೆಕ್ಕಿನಲ್ಲಿ ಆ ದಾರಿ ಇಲ್ಲದಷ್ಟು ಕಡಿಮೆ. ವಿಷ ಉಳಿದು ರಕ್ತದ ಕೆಂಪುಕಣ ಹಾಳಾಗುತ್ತವೆ, ಆಮ್ಲಜನಕ ಒಯ್ಯಲು ಆಗುವುದಿಲ್ಲ. ವಸಡು ಕಂದು ಅಥವಾ ನೀಲಿ ಆಗುತ್ತದೆ, ಮುಖ, ಪಾದ ಊದುತ್ತವೆ. ಮನೆಯಲ್ಲಿ ಯಾರಾದರೂ ಆಗಲೇ ಕೊಟ್ಟಾಗಿದ್ದರೆ ಲಕ್ಷಣ ಬರಲಿ ಅಂತ ಕಾಯಬೇಡಿ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದು ಇದೆ, ಬೇಗ ಸಿಕ್ಕಷ್ಟು ಒಳ್ಳೆಯದು.

ನಾಯಿಗೆ ಐಬುಪ್ರೊಫೇನ್ ಬೇಡ. ಹೊಟ್ಟೆಯಲ್ಲಿ ಹುಣ್ಣಾಗಿ ಕಪ್ಪು ಭೇದಿ, ರಕ್ತ ವಾಂತಿ, ಆಮೇಲೆ ಮೂತ್ರಪಿಂಡ ಸೋಲುತ್ತದೆ. ಜ್ವರ ತರುವ ಪ್ರೊಸ್ಟಾಗ್ಲಾಂಡಿನ್‌ಗಳ ಬಳಗವೇ ಹೊಟ್ಟೆಯ ಒಳಪದರ ಕಾಯುವುದು, ಮೂತ್ರಪಿಂಡಕ್ಕೆ ರಕ್ತ ಹರಿಸುವುದು. ಒಂದನ್ನು ತಡೆದರೆ ಇನ್ನೊಂದಕ್ಕೂ ಏಟು. ಇದೇ ಕಾರಣಕ್ಕೆ ಭೇದಿಯಾಗಿ ಒಣಗಿದ ಪ್ರಾಣಿಗೆ, ನೀರು ಕುಡಿಯದೆ ಕಣ್ಣು ಗುಳಿ ಬಿದ್ದ ದನಕ್ಕೆ ಮೊದಲು ನೀರು ತುಂಬಿಸಬೇಕು, ಮದ್ದು ಆಮೇಲೆ. ಇದೇ ಜಾತಿಯ ಎರಡು ಮದ್ದು ಒಟ್ಟಿಗೆ ಬೇಡ, ಸ್ಟೀರಾಯ್ಡ್ ಜೊತೆಯೂ ಬೇಡ.

ದನಕ್ಕೆ ಮನುಷ್ಯರ ಮಾತ್ರೆ ಪುಡಿ ಮಾಡಿ ಬಾಳೆಹಣ್ಣಲ್ಲಿಟ್ಟು ತಿನ್ನಿಸುವವರಿದ್ದಾರೆ. ದೊಡ್ಡ ಹೊಟ್ಟೆಯಲ್ಲಿ ಅಷ್ಟೊಂದು ಮೇವು, ನೀರಿನ ಜೊತೆ ಸೇರಿ ಅದು ನಿಧಾನಕ್ಕೆ ರಕ್ತಕ್ಕೆ ಹೋಗುತ್ತದೆ. ತಾಗದೆ ಇರುವುದೇ ಜಾಸ್ತಿ. ಡಾಕ್ಟರ್ ಇಂಜೆಕ್ಷನ್ ಕೊಡುವುದು ಅದಕ್ಕೇ.

ಡೋಸ್ ತೂಕದ ಮೇಲೆ, ಅದನ್ನು ಹೇಳಬೇಕಾದವರು ಡಾಕ್ಟರ್. ಆದರೆ ತೂಕ ನೀವು ಹೇಳಬಹುದು. ಮುಂಗಾಲಿನ ಹಿಂದೆ ಎದೆಯ ಸುತ್ತ ಟೇಪು ಹಾಕಿ ಇಂಚು ಬರೆದುಕೊಳ್ಳಿ. ಭುಜದ ಮೂಳೆಯಿಂದ ಹಿಂಬದಿಯ ಕುಂಡೆ ಮೂಳೆಯವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ಕೆಜಿ ಬರುತ್ತದೆ. ಸುತ್ತಳತೆ 46, ಉದ್ದ 38 ಇರುವ ಗಿಡ್ಡ ಆಕಳು 122 ಕೆಜಿ ಹತ್ತಿರ. ಸುತ್ತಳತೆ 72, ಉದ್ದ 60 ಇರುವ ಎಚ್‌ಎಫ್ 471 ಕೆಜಿ. ಫೋನಿನಲ್ಲಿ ಬರೀ "ಆಕಳು" ಅಂದರೆ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ.

ಹೆಜ್ಜೆ 7: ಮದ್ದು ಬಿದ್ದ ಮೇಲೆ

ಮದ್ದು ಕೊಡುವ ಮೊದಲಿನ ಅಳತೆ ಬರೆಯಿರಿ. ಆಮೇಲೆ ಎರಡು ಗಂಟೆಗೆ, ನಾಲ್ಕು ಗಂಟೆಗೆ, ಮಾರನೇ ಬೆಳಿಗ್ಗೆ. ಪಕ್ಕದಲ್ಲಿ ನೀರು ಕುಡಿಯಿತಾ, ಮೆಲುಕು ಹಾಕಿತಾ, ಎಷ್ಟು ಹಾಲು ಅಂತ ಒಂದೊಂದು ಶಬ್ದ.

ನಡುಗುತ್ತಿರುವಾಗ, ಕಿವಿ ತಣ್ಣಗಿರುವಾಗ ಕೊಡಗಟ್ಟಲೆ ತಣ್ಣೀರು ಹೊಯ್ಯಬೇಡಿ. ಗುರಿ ಇನ್ನೂ ಮೇಲೆ ಇದೆ, ಚರ್ಮ ತಣ್ಣಗಾದಷ್ಟೂ ಮಿದುಳು ಇನ್ನೂ ಜೋರಾಗಿ ನಡುಗಿಸುತ್ತದೆ, ದನ ಸುಸ್ತಾಗುತ್ತದೆ ಅಷ್ಟೇ. ಮಳೆಗಾಲದಲ್ಲಿ ಗೋಣಿ ಹೊದೆಸಿ, ಕೆಳಗೆ ಒಣ ಸೊಪ್ಪೋ ಕರಡವೋ ಹಾಸಿ. ಕಿವಿ ಬೆಚ್ಚಗಾಗಿ ಉಸಿರು ಜೋರಾದಾಗ ಗೋಣಿ ತೆಗೆಯಿರಿ, ಗಾಳಿ ಬಿಡಿ, ನೀರು ಮುಂದಿಡಿ. ಈ ಹೊತ್ತಿಗೆ ಬರುವ ಏದುಸಿರು, ಬೆವರು ನೋಡಿ ಗಾಬರಿಯಾಗಿ ಇನ್ನೊಂದು ಡೋಸ್ ಕೊಡಬೇಡಿ, ಮದ್ದು ಕೆಲಸ ಮಾಡುತ್ತಿರುವ ಗುರುತು ಅದು. ಒಂದೆರಡು ಡಿಗ್ರಿ ಇಳಿದ ಆಕಳು ಅಕ್ಕಚ್ಚಿನ ಬಕೆಟಿಗೆ ತಾನಾಗಿ ಮೂತಿ ಹಾಕಿದರೆ ಮದ್ದಿನ ಉದ್ದೇಶ ಈಡೇರಿದ ಹಾಗೆ.

ಅಳತೆ ಇಳಿದದ್ದು ಕಾಯಿಲೆ ಇಳಿದದ್ದಲ್ಲ. ಪ್ಯಾರಾಸಿಟಮಾಲ್ ಕೆಲವೇ ಗಂಟೆ ನಿಲ್ಲುತ್ತದೆ, ಮೆಲಾಕ್ಸಿಕಾಮ್ ದನದ ಮೈಯಲ್ಲಿ ಒಂದು ದಿನ ದಾಟಿಯೂ ಇರುತ್ತದೆ. ಮದ್ದು ಕರಗಿದ ಮೇಲೂ ಪ್ರೊಸ್ಟಾಗ್ಲಾಂಡಿನ್ ತಯಾರಾಗುತ್ತಿದ್ದರೆ ಗುರಿ ಮತ್ತೆ ಏರುತ್ತದೆ. ಉಣ್ಣಿಯಿಂದ ಬರುವ ಥೈಲೇರಿಯಾ, ಬಬೀಸಿಯಾ ಜ್ವರದಲ್ಲಿ ಹೀಗೇ ಆಗುತ್ತದೆ: ಇಂಜೆಕ್ಷನ್ ಕೊಟ್ಟ ದಿನ ಹುಷಾರು, ಮಾರನೇ ದಿನ ಮತ್ತೆ ಅದೇ. ಜ್ವರ ಏರಿರುವಾಗ ಕಿವಿಯ ರಕ್ತದ ಲೇಪ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗಾಣು ಸಿಗುವ ಸಾಧ್ಯತೆ ಜಾಸ್ತಿ, ಅದಕ್ಕೆ ಬೇರೆಯೇ ಮದ್ದಿದೆ. ಎರಡನೇ ಸಲ ಜ್ವರ ಏರಿದಾಗ ಇದನ್ನು ಕೇಳಿ ಮಾಡಿಸಿಕೊಳ್ಳಿ.

ಏರಿದ್ದ ಅಳತೆ ದಿಢೀರನೆ 100ಕ್ಕಿಂತ ಕೆಳಗೆ ಬಂದು, ದನ ಮಂಕಾಗಿ, ಕಾಲು ಕಿವಿ ತಣ್ಣಗಾದರೆ ಸಂತೋಷಪಡಬೇಡಿ. ಮೈ ಸೋಲುತ್ತಿರಬಹುದು. ಕೂಡಲೇ ಡಾಕ್ಟರ್.

ಹೆಜ್ಜೆ 8: ಸೆಖೆಯ ಹೊಡೆತವಾದರೆ

ಮದ್ದು ಬಿಟ್ಟುಬಿಡಿ. ನೆರಳಿಗೆ ತನ್ನಿ, ಚರ್ಮದವರೆಗೂ ನೆನೆಯುವಷ್ಟು ನೀರು ಹಾಕಿ, ಫ್ಯಾನ್ ಬಿಡಿ. ಕರಾವಳಿಯಲ್ಲಿ ಫ್ಯಾನ್ ಬೇಕೇ ಬೇಕು. ಗಾಳಿಯಲ್ಲೇ ಅಷ್ಟು ತೇವ ಇರುವಾಗ ಬರೀ ನೀರು ಹಾಕಿದರೆ ಆವಿಯಾಗದೆ ಮೈಮೇಲೇ ನಿಲ್ಲುತ್ತದೆ. ಮತ್ತೆ ಮತ್ತೆ ನೀರು, ನಡುವೆ ಗಾಳಿ. ಹತ್ತು ನಿಮಿಷಕ್ಕೊಮ್ಮೆ ಅಳೆಯಿರಿ. ದನಕ್ಕೆ 103ರ ಹತ್ತಿರ, ನಾಯಿಗೆ 103.5 ಬಂದಾಗ ನಿಲ್ಲಿಸಿ. ಇಲ್ಲದಿದ್ದರೆ ಆಮೇಲೂ ಇಳಿಯುತ್ತ ಹೋಗಿ ಮೈ ತೀರಾ ತಣ್ಣಗಾಗುತ್ತದೆ.

ನಾಯಿಗೆ ಒದ್ದೆ ಟವೆಲ್ ಹೊದೆಸಿ ಬಿಡಬೇಡಿ, ಅದು ಬೇಗ ಬಿಸಿಯಾಗಿ ಒಳಗಿನ ಬಿಸಿಯನ್ನು ತಡೆದು ಹಿಡಿಯುತ್ತದೆ. ಪಗ್ ಥರದ ಚಪ್ಪಟೆ ಮೂತಿಯ ನಾಯಿಗಳಿಗೆ ಏದುಸಿರಿನಿಂದ ಬಿಸಿ ಹೊರಹಾಕುವುದೇ ಕಷ್ಟ. ಕಾರವಾರದ ಮೇ ತಿಂಗಳಲ್ಲಿ ಅವನ್ನು ಮಧ್ಯಾಹ್ನ ಹೊರಗೆ ಓಡಾಡಿಸಲೇಬೇಡಿ. ಹುಷಾರಾದ ಹಾಗೆ ಕಂಡರೂ ಡಾಕ್ಟರಿಗೆ ತೋರಿಸಿ, ಮೂತ್ರಪಿಂಡದ ಏಟು ಒಂದೆರಡು ದಿನ ಬಿಟ್ಟು ಕಾಣುತ್ತದೆ. ಆ ಮೂತ್ರಪಿಂಡದ ಮೇಲೆ ಜ್ವರದ ಮಾತ್ರೆಯೂ ಬಿದ್ದಿದ್ದರೆ ಇನ್ನೂ ಕಷ್ಟ.

ಹೆಜ್ಜೆ 9: ಹಾಲು, ಹದ್ದು ಎರಡೂ ನೆನಪಿರಲಿ

ಮದ್ದಿನ ಬಾಟಲಿಯ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಅಂತ ಬರೆದಿರುತ್ತದೆ. ಡೈರಿಗೆ ಹಾಕುವುದಿರಲಿ, ಮನೆಯ ಮಕ್ಕಳಿಗೂ ಆ ಹಾಲು ಬೇಡ. ಬಾಟಲಿ ಕಾಣದಿದ್ದರೆ ಇಂಜೆಕ್ಷನ್ ಕೊಟ್ಟವರನ್ನೇ ಕೇಳಿ ದಿನ ಬರೆದುಕೊಳ್ಳಿ.

ಡೈಕ್ಲೋಫೆನಾಕ್ ಎಂಬ ನೋವಿನ ಮದ್ದನ್ನು ದನಕ್ಕೆ ಕೊಡುವಂತಿಲ್ಲ. ಅದು ಉಳಿದಿರುವ ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಕೆಲ ದಿನದಲ್ಲೇ ಸಾಯುತ್ತದೆ. ದೇಶದ ರಣಹದ್ದುಗಳು ಬಹುಪಾಲು ಅಳಿದದ್ದು ಹೀಗೆ. 2006ರಲ್ಲಿ ಪ್ರಾಣಿಗಳಿಗೆ ಅದನ್ನು ನಿಷೇಧಿಸಿದರು. ಮನುಷ್ಯರ ದೊಡ್ಡ ಬಾಟಲಿ ತಂದು ದನಕ್ಕೆ ಚುಚ್ಚುವುದನ್ನು ತಪ್ಪಿಸಲು 2015ರಲ್ಲಿ ಇಂಜೆಕ್ಷನ್ ಬಾಟಲಿಯನ್ನು 3 ಮಿಲಿಗೆ ಇಳಿಸಿದರು. 2023ರಲ್ಲಿ ಕೀಟೋಪ್ರೊಫೇನ್, ಅಸಿಕ್ಲೋಫೆನಾಕ್ ನಿಷೇಧವಾದವು, 2024ರ ಕೊನೆಗೆ ನಿಮೆಸುಲೈಡ್. ಮೆಲಾಕ್ಸಿಕಾಮ್, ಟೋಲ್ಫೆನಾಮಿಕ್ ಆಸಿಡ್ ಹದ್ದಿಗೆ ತೊಂದರೆ ಮಾಡುವುದಿಲ್ಲ. ಜ್ವರ ಇಳಿಸಲು ಅವು ಸಾಕಷ್ಟು ಒಳ್ಳೆಯವೇ, ಹಾಗಾಗಿ ಮೆಲಾಕ್ಸಿಕಾಮ್ ಆಗುತ್ತದಾ ಅಂತ ಡಾಕ್ಟರನ್ನು ಕೇಳಲು ಸಂಕೋಚ ಬೇಡ. ಮದ್ದು ಬಿದ್ದ ದನ ಸತ್ತರೆ ಬೆಟ್ಟಕ್ಕೆ ಎಸೆಯದೆ ಆಳವಾಗಿ ಹೂಳಿ.

ಹೆಜ್ಜೆ 10: ಫೋನ್ ಮಾಡುವಾಗ

ಹತ್ತಿರದ ಪಶು ಆಸ್ಪತ್ರೆ ಸಿಗದಿದ್ದರೆ 1962ಕ್ಕೆ ಮಾಡಿ, ಸಂಚಾರಿ ಪಶು ಚಿಕಿತ್ಸೆಯ ಸಹಾಯವಾಣಿ ಅದು. "ಡಾಕ್ಟ್ರೇ, ಆಕಳಿಗೆ ಹುಷಾರಿಲ್ಲ, ಬೇಗ ಬನ್ನಿ" ಅಂತಷ್ಟೇ ಹೇಳಿದರೆ ಅವರಿಗೂ ಏನು ತರಬೇಕು ಅಂತ ಗೊತ್ತಾಗುವುದಿಲ್ಲ. ನೋಟ್‌ಬುಕ್ ಕೈಯಲ್ಲಿ ಹಿಡಿದು ಹೇಳಿ: ತಳಿ, ಅಂದಾಜು ತೂಕ, ಅಳತೆ ಎಷ್ಟು ಮತ್ತು ಎಷ್ಟು ಗಂಟೆಗೆ, ಕಿವಿ ತಣ್ಣಗೋ ಬಿಸಿಯೋ, ಮೇವು-ಮೆಲುಕು-ಮೂತ್ರ ಹೇಗಿದೆ, ಕರು ಹಾಕಿ ಎಷ್ಟು ದಿನ. ಮನೆಯಲ್ಲಿ ಆಗಲೇ ಏನಾದರೂ ಮಾತ್ರೆ ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ. ಇಲ್ಲದಿದ್ದರೆ ಇಳಿದ ಅಳತೆ ನೋಡಿ ಅವರು ಕಾಯಿಲೆಯನ್ನೇ ಹಗುರ ಅಂದುಕೊಳ್ಳಬಹುದು, ಅಥವಾ ಅದೇ ಜಾತಿಯ ಮದ್ದು ಎರಡನೇ ಸಲ ಬೀಳಬಹುದು. ಗಬ್ಬವಾಗಿದ್ದರೆ ಎಷ್ಟು ತಿಂಗಳು ಅಂತ ಮೊದಲೇ ತಿಳಿಸಿ. ಜ್ವರಕ್ಕೆ ಕೆಲವೊಮ್ಮೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನೂ ಚುಚ್ಚುತ್ತಾರೆ, ಕೊನೆಯ ತಿಂಗಳುಗಳ ಗಬ್ಬದಲ್ಲಿ ಅದು ಬಿದ್ದರೆ ಆಕಳು ದಿನ ತುಂಬುವ ಮೊದಲೇ ಕರು ಹಾಕಿಬಿಡುತ್ತದೆ.